ಈ ಪಟ್ಟಿಯಲ್ಲಿ ನಮ್ಮ ಕಾಚೋ ಹಾಡುವ ಹಾಡೇ ಇಲ್ಲ

(‘ಹಳೇಮನೆ ಬಳಗ’ ಗುಂಪು, ಭಾನುವಾರ)

ಪ್ರಣವ್: ಎಲ್ಲರೂ ಕೇಳಿ. ಒಂದೂವರೆ ಗಂಟೆಯ ಪ್ಲೇಲಿಸ್ಟ್. ಹೆಸರು ‘ಐವತ್ತು ದಾಟಿದ ಜಪಾನಿಯರ ಕಣ್ಣು ಒದ್ದೆ ಮಾಡುವ ಹಾಡುಗಳು’. ತಕೆಉಚಿ ಮಾರಿಯಾ ಅವರ ‘ಪ್ಲಾಸ್ಟಿಕ್ ಲವ್’, ಮತ್ಸುಬರಾ ಮಿಕಿ ಅವರ ‘ಮಯೊನಕಾ ನೊ ದೋಆ’, ಆನ್ರಿ ಎಂಬ ಗಾಯಕಿಯ ಹಾಡು ಎಲ್ಲಾ ಇದೆ. ಸುಜಾತತ್ತೆ, ಇದು ನಿಮಗೇ ಅಂತ ಹಾಕಿದ್ದು.

ದೊಡ್ಡಣ್ಣ: ಒಂದಕ್ಷರ ಅರ್ಥವಾಗದ ಹಾಡು ಮನೆಯವರ ಗುಂಪಿನಲ್ಲಿ ಯಾಕಪ್ಪಾ? ಶ್ರಾದ್ಧಕ್ಕೆ ಯಾರ್‍ಯಾರು ಬರುತ್ತೀರಿ ಅಂತ ಬೆಳಿಗ್ಗೆಯೇ ಕೇಳಿದ್ದೆ. ಅದಕ್ಕೆ ಒಬ್ಬರ ಉತ್ತರವೂ ಇಲ್ಲ.

ವನಜತ್ತಿಗೆ: ನಾವು ಬರುತ್ತೇವೆ ಭಾವ. ಪ್ರಣವ್ ಹಾಕಿದ ಎರಡನೇ ಹಾಡು ಚೆನ್ನಾಗಿದೆ. ದಿನಾ ಬೆಳಿಗ್ಗೆ ಹಚ್ಚುತ್ತಾನೆ. ದೋಸೆ ಹುಯ್ಯುತ್ತಾ ಕೇಳಿ ಕೇಳಿ ಧಾಟಿ ನನಗೂ ಬಾಯಿಗೆ ಬಂದುಬಿಟ್ಟಿದೆ.

ನಾನು: ಹಾಡುಗಳ ಬಗ್ಗೆ ನನ್ನ ತಕರಾರಿಲ್ಲ ಪ್ರಣವ್. ತಲೆಬರಹದ ಬಗ್ಗೆ ಇದೆ. ನಾನು ಟೋಕಿಯೊದ ನಿಶಿ ಕಸಾಯ್‌ಗೆ ಬಂದು ಇಪ್ಪತ್ತು ವರ್ಷ ಆಯಿತು. ಆಫೀಸಿನಲ್ಲಿ ಅರ್ಧಕ್ಕರ್ಧ ಜನ ಐವತ್ತರ ಆಸುಪಾಸಿನವರು. ಪ್ರತಿ ಡಿಸೆಂಬರಿನಲ್ಲಿ ಬೋನೆಂಕಾಯ್ ಇರುತ್ತದೆ, ವರ್ಷ ಮುಗಿಸುವ ಊಟ. ಊಟ ಆದಮೇಲೆ ಕರೋಕೆ. ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರೂ ‘ಪ್ಲಾಸ್ಟಿಕ್ ಲವ್’ ಹಾಡಿದ್ದು ನಾನು ಕೇಳಿಲ್ಲ. ಅವರ ಕಣ್ಣು ಒದ್ದೆಯಾಗುವುದು ಬೇರೆ ಹಾಡುಗಳಿಗೆ. ಅದರಲ್ಲಿ ಒಂದೂ ಈ ಪಟ್ಟಿಯಲ್ಲಿಲ್ಲ.

ಪ್ರಣವ್: ಅತ್ತೆ, ನಿಮ್ಮ ಒಂದು ಆಫೀಸು ಇಡೀ ಜಪಾನ್ ಅಲ್ಲವಲ್ಲ. ಆ ಹಾಡನ್ನು ಕೋಟಿಗಟ್ಟಲೆ ಸಲ ಜನ ನೋಡಿದ್ದಾರೆ.

ನಾನು: ಅಷ್ಟು ಜನ ಬಂದದ್ದು 2017ರ ನಂತರ, ಯೂಟ್ಯೂಬ್ ಆ ವಿಡಿಯೊವನ್ನು ಎಲ್ಲರ ಮುಂದೆ ತಂದು ಇಡಲು ಶುರು ಮಾಡಿದ ಮೇಲೆ. ನೋಡಿದವರಲ್ಲಿ ಎಷ್ಟೋ ಜನ ಹೊರದೇಶದವರು, ನಿನ್ನ ವಯಸ್ಸಿನವರು. ಹಾಡು 1984ರದ್ದು. ಮರುವರ್ಷ ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ, ಬಂದಾಗ ಜಪಾನಿನ ಒರಿಕಾನ್ ಮಾರಾಟ ಪಟ್ಟಿಯಲ್ಲಿ 86ನೇ ಸ್ಥಾನಕ್ಕಿಂತ ಮೇಲೆ ಬರಲಿಲ್ಲ.

ಪ್ರಣವ್: ಆ ಹಾಡಿದ್ದ ‘ವೆರೈಟಿ’ ಆಲ್ಬಮ್ ಒರಿಕಾನ್ ಆಲ್ಬಮ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂದಿತ್ತು. ಅದನ್ನು ನೀವು ಹೇಳಲೇ ಇಲ್ಲ. ಆಲ್ಬಮ್ ಕೊಂಡವರು ಆ ಹಾಡೊಂದನ್ನೇ ಬಿಟ್ಟು ಕೇಳಿದರಾ?

ನಾನು: ಸರಿ, ಒಪ್ಪಿದೆ. ಕೇಳಿರುತ್ತಾರೆ. ಆದರೆ ಅದೇ ತಕೆಉಚಿ ಅವರ ಇನ್ನೊಂದು ಹಾಡಿದೆ, ‘ಎಕಿ’. ಅಂದರೆ ರೈಲ್ವೆ ಸ್ಟೇಷನ್. 1987ರಲ್ಲಿ ಅವರು ಹಾಡಿದ್ದು. ಸಂಜೆ ಹೊತ್ತು ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸಿಗೆ ಹಿಂದೆ ಪ್ರೀತಿಸಿದವನು ಕಾಣುತ್ತಾನೆ. ಅವಳು ಪಕ್ಕದ ಬೋಗಿ ಹತ್ತುತ್ತಾಳೆ. ಅಲ್ಲಿಂದಲೇ ತಲೆ ತಗ್ಗಿಸಿ ನಿಂತ ಅವನ ಮುಖ ನೋಡುತ್ತಾಳೆ. ಮಾತಾಡಿಸುವುದಿಲ್ಲ. ಅಷ್ಟೇ ಕಥೆ. ನಮ್ಮ ಅಕೌಂಟ್ಸ್ ವಿಭಾಗದ ಹೆಂಗಸರು ಹಾಡುವುದು ಇದನ್ನು. ಹಾಡುವಾಗ ಉಳಿದವರು ತಟ್ಟೆ ಸದ್ದೂ ಮಾಡುವುದಿಲ್ಲ.

ಪ್ರಣವ್: ಮತ್ಸುಬರಾ ಅವರ ಹಾಡಿಗೆ ಏನು ಹೇಳುತ್ತೀರಿ? 2020ರಲ್ಲಿ ಎಷ್ಟೋ ಮಕ್ಕಳು ತಮ್ಮ ಜಪಾನಿ ಅಮ್ಮಂದಿರ ಮುಂದೆ ಅದನ್ನು ಹಾಕಿ ವಿಡಿಯೊ ಮಾಡಿದರು. ಅಮ್ಮಂದಿರು ತಕ್ಷಣ ಗುರುತು ಹಿಡಿದು ಜೊತೆಗೆ ಹಾಡಿದರು. ಅವರೂ ನಡುವಯಸ್ಸಿನವರೇ ಅಲ್ವಾ?

ನಾನು: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ವಿಡಿಯೊಗಳನ್ನು ನಾನೂ ನೋಡಿದ್ದೇನೆ. 1979ರಲ್ಲಿ ಅದು ಮತ್ಸುಬರಾ ಅವರ ಮೊದಲ ಹಾಡು. 2004ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, 44 ವರ್ಷಕ್ಕೇ. ಲೋಕವೆಲ್ಲ ತನ್ನ ಹಾಡು ಕೇಳಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ನೆನೆಸಿಕೊಂಡರೆ ಸಂಕಟವಾಗುತ್ತದೆ. ಅದು ಪಟ್ಟಿಯಲ್ಲಿ ಇರಲಿ.

ದೊಡ್ಡಣ್ಣ: ಹಾಗಾದರೆ ನಿಮ್ಮ ಆಫೀಸಿನವರು ಏನು ಹಾಡುತ್ತಾರೆ? ಅದನ್ನು ಹೇಳು ಸುಜಾತಾ.

ನಾನು: ನಮ್ಮ ಕಾಚೋಗೆ, ಅಂದರೆ ವಿಭಾಗದ ಮುಖ್ಯಸ್ಥರಿಗೆ, 56. ಮಾತು ಬಹಳ ಕಡಿಮೆ. ಹೋದ ಡಿಸೆಂಬರಿನಲ್ಲಿ ಆರು ಜನ ಕೂರುವ ರೂಮಿನಲ್ಲಿ ಒಂಬತ್ತು ಜನ ಒತ್ತಿಕೊಂಡು ಕೂತಿದ್ದೆವು. ಅವರ ಸರದಿ ಬಂತು. ಊಲಾಂಗ್ ಟೀ ಲೋಟ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಕನ್ನಡಕ ಇಲ್ಲದೆ ಅವರಿಗೆ ಸ್ಕ್ರೀನ್ ಮೇಲಿನ ಅಕ್ಷರ ಕಾಣುವುದಿಲ್ಲ. ಬೇಕಾಗಿಯೂ ಇರಲಿಲ್ಲ. ನಕಾಜಿಮಾ ಮಿಯುಕಿ ಅವರ ‘ಚಿಜೋ ನೊ ಹೋಶಿ’ಯನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಹಾಡಿದರು.

ನಾನು: ‘ನೆಲದ ಮೇಲಿನ ನಕ್ಷತ್ರಗಳು’ ಅಂತ ಅರ್ಥ. ಎಲ್ಲರೂ ಆಕಾಶವನ್ನೇ ನೋಡುತ್ತೀರಿ, ನೆಲದ ಮೇಲಿದ್ದ ನಕ್ಷತ್ರಗಳು ಎಲ್ಲಿ ಹೋದವು ಎಂದು ಕೇಳುವ ಹಾಡು. 2000ದಲ್ಲಿ ಎನ್‌ಎಚ್‌ಕೆ ಟಿವಿಯ ‘ಪ್ರಾಜೆಕ್ಟ್ ಎಕ್ಸ್’ ಕಾರ್ಯಕ್ರಮಕ್ಕೆ ಬಂದದ್ದು. ಸುರಂಗ ತೋಡಿದವರು, ಯಂತ್ರ ಮಾಡಿದವರು, ಹೀಗೆ ಹೆಸರು ಗೊತ್ತಿಲ್ಲದ ಕೆಲಸಗಾರರ ಕಥೆ ಹೇಳುವ ಕಾರ್ಯಕ್ರಮ ಅದು. ಹಾಡು ಒರಿಕಾನ್‌ನ ಮೊದಲ ನೂರರಲ್ಲಿ ಒಂದೇ ಸಮನೆ 174 ವಾರ ಇತ್ತು. 2002ರ ಡಿಸೆಂಬರ್ 31ರ ರಾತ್ರಿ ಕೊಹಾಕು ಎಂಬ ವರ್ಷಾಂತ್ಯದ ಹಾಡಿನ ಟಿವಿ ಕಾರ್ಯಕ್ರಮದಲ್ಲಿ ನಕಾಜಿಮಾ ಇದನ್ನು ಹಾಡಿದರು. ವೇದಿಕೆಯ ಮೇಲಲ್ಲ, ಕುರೊಬೆ ಅಣೆಕಟ್ಟಿನ ಜಲವಿದ್ಯುತ್ ಕೇಂದ್ರದ ಸುರಂಗದಲ್ಲಿ ನಿಂತು. ಆ ಅಣೆಕಟ್ಟಿನ ಕೆಲಸದಲ್ಲಿ 171 ಜನ ಪ್ರಾಣ ಕಳೆದುಕೊಂಡಿದ್ದರು. ಮುಂದಿನ ತಿಂಗಳು ಹಾಡು ಒಂದನೇ ಸ್ಥಾನಕ್ಕೆ ಬಂತು, ಬಿಡುಗಡೆಯಾಗಿ ಎರಡೂವರೆ ವರ್ಷದ ಮೇಲೆ.

ನಾನು: ಕಾಚೋ ಅವರ ತಂದೆ ಹಡಗು ಕಟ್ಟುವ ಕಡೆ ವೆಲ್ಡರ್ ಆಗಿದ್ದರಂತೆ. ಅದು ನಮಗೆ ಗೊತ್ತಾಗಿದ್ದೇ ಅವತ್ತು, ಹಾಡು ಮುಗಿದ ಮೇಲೆ.

ವನಜತ್ತಿಗೆ: ಓದಿ ಮೈ ಜುಮ್ಮೆಂದಿತು ಸುಜಾತಾ.

ಪ್ರಣವ್: ಇದು ಒಳ್ಳೆಯ ಹಾಡು ಅತ್ತೆ, ಒಪ್ಪುತ್ತೇನೆ. ಆದರೆ ನಿಮ್ಮ ಪಟ್ಟಿಯಲ್ಲಿ ರಾಕ್ ಎಲ್ಲಿದೆ?

ನಾನು: ಓಝಾಕಿ ಯುತಕಾ ಕೇಳಿದ್ದೀಯಾ? 1983ರಲ್ಲಿ, ಇನ್ನೂ ಹದಿನೆಂಟು ವರ್ಷದ ಹುಡುಗ, ‘ಜೂಗೊ ನೊ ಯೊರು’ ಹಾಡಿದ. ‘ಹದಿನೈದರ ರಾತ್ರಿ’. ಕದ್ದ ಬೈಕಿನಲ್ಲಿ ಓಡಿಹೋಗುವ ಹುಡುಗನ ಹಾಡು. ಆಗ ಇಲ್ಲಿನ ಶಾಲೆಗಳಲ್ಲಿ ತಲೆಗೂದಲು ಎಷ್ಟುದ್ದ ಇರಬೇಕು ಅನ್ನುವುದಕ್ಕೂ ನಿಯಮ ಇತ್ತು. 1992ರಲ್ಲಿ ಓಝಾಕಿ ಸತ್ತಾಗ 26 ವರ್ಷ. ಮಳೆಯಲ್ಲಿ ಸುಮಾರು 40,000 ಜನ ಅಂತ್ಯಕ್ರಿಯೆಗೆ ಬಂದಿದ್ದರು. ಅವನನ್ನು ಹದಿನೈದನೇ ವಯಸ್ಸಿನಲ್ಲಿ ಕೇಳಿದವರಿಗೆ ಈಗ ಐವತ್ತೈದು ದಾಟಿದೆ. ನಿನ್ನ ತಲೆಬರಹ ಹೇಳುವುದು ಇವರನ್ನೇ ಅಲ್ವಾ? ಇವರ ಹಾಡು ಬಿಟ್ಟು ಇವರ ಕಣ್ಣೀರಿನ ಪಟ್ಟಿ ಮಾಡಿದರೆ ನನಗೆ ಬೇಜಾರಾಗುತ್ತದೆ ಮರಿ. ಇವರು ನನ್ನ ಜೊತೆ ದಿನಾ ಊಟ ಮಾಡುವವರು.

ನಾನು: ಇನ್ನೊಂದು. ನನ್ನ ಎದುರು ಮೇಜಿನವರು 1995ರಲ್ಲಿ ಕಾಲೇಜು ಮುಗಿಸಿದವರು. ಷೇರು, ಜಮೀನು ಎಲ್ಲದರ ಬೆಲೆ ಕುಸಿದು ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನು ತೀರಾ ಕಡಿಮೆ ಮಾಡಿದ್ದ ಕಾಲ. ಇಲ್ಲಿಯವರು ಅದನ್ನು ‘ಕೆಲಸದ ಹಿಮಯುಗ’ ಎನ್ನುತ್ತಾರೆ. ಝಾರ್ಡ್ ತಂಡದ ‘ಮಕೆನಾಯ್‌ದೆ’ಯ ಸಿಡಿಯನ್ನು ಅವರು ಇವತ್ತಿಗೂ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದಾರೆ. 1993ರದ್ದು. ‘ಸೋಲಬೇಡ’ ಅಂತ ಅರ್ಥ. ಎಂಟು ಸೆಂಟಿಮೀಟರಿನ ಪುಟ್ಟ ಸಿಡಿ, ಅಂಗೈಯಲ್ಲಿ ಕೂರುತ್ತದೆ. ಅದರ ಹೊದಿಕೆ ಉದ್ದುದ್ದ, ಮಧ್ಯಕ್ಕೆ ಮಡಿಸಬಹುದು. ಮಡಿಸಿದ ಕಡೆ ಬಣ್ಣ ಹೋಗಿ ಬಿಳಿ ಗೆರೆ ಬಿದ್ದಿದೆ. ಸಂದರ್ಶನಕ್ಕೆ ಹೋಗುವಾಗಲೆಲ್ಲ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದರಂತೆ.

ದೊಡ್ಡಣ್ಣ: ನನ್ನ ವಯಸ್ಸಿನವರದ್ದು ಏನೂ ಇಲ್ಲವಾ?

ನಾನು: ಇದೆ ದೊಡ್ಡಣ್ಣ. ಸಕಾಮೊಟೊ ಕ್ಯು ಅವರ ‘ಉಎ ಒ ಮುಯಿತೆ ಅರುಕೋ’. 1961ರದ್ದು, ನೀನು ಒಂದನೇ ಕ್ಲಾಸಿನಲ್ಲಿ ಇದ್ದಿರಬೇಕು. ಕಣ್ಣೀರು ಕೆಳಗೆ ಬೀಳದ ಹಾಗೆ ಮುಖ ಮೇಲಕ್ಕೆತ್ತಿ ನಡೆಯೋಣ ಅಂತ ಅರ್ಥ. ಬರೆದವರು ಏಯ್ ರೊಕುಸುಕೆ. 1960ರಲ್ಲಿ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ನಡೆದ ಹೋರಾಟ ಸೋತಾಗಿನ ನೋವು ಅದರಲ್ಲಿದೆ. ಕೊನೆಗೆ ಅಮೆರಿಕದಲ್ಲೇ ಆ ಹಾಡು 1963ರಲ್ಲಿ ಮೂರು ವಾರ ಒಂದನೇ ಸ್ಥಾನದಲ್ಲಿತ್ತು, ‘ಸುಕಿಯಾಕಿ’ ಎಂಬ ಅಡುಗೆಯ ಹೆಸರಿನಲ್ಲಿ. 1985ರ ಆಗಸ್ಟ್ 12ರ ವಿಮಾನ ದುರಂತದಲ್ಲಿ 520 ಜನ ಸತ್ತರು. ಸಕಾಮೊಟೊ ಅವರಲ್ಲಿ ಒಬ್ಬರು. ಹಾಡು ಕಳಿಸಿದ್ದೇನೆ, ಕೇಳು. ನಡುವೆ ಸಿಳ್ಳೆ ಬರುತ್ತದೆ.

ಪ್ರಣವ್: ಅತ್ತೆ, ನನ್ನ ಹಾಡುಗಳನ್ನು ನಾನು ಬಿಟ್ಟುಕೊಡುವುದಿಲ್ಲ. ಅವು ನನಗೆ ಇಷ್ಟ. ತಲೆಬರಹ ಮಾತ್ರ ಬದಲಾಯಿಸುತ್ತೇನೆ. ‘ಪ್ರಣವ್‌ಗೆ ಇಷ್ಟವಾದ ಜಪಾನಿನ ಹಳೆಯ ಹಾಡುಗಳು’. ನಿಮ್ಮದು ಬೇರೆ ಪಟ್ಟಿ ಮಾಡಿ ಕಳಿಸಿ. ಕಾಚೋ ಅವರನ್ನೂ ಕೇಳಿ.

ನಾನು: ಸೋಮವಾರ ಊಟದ ಹೊತ್ತಿಗೆ ಕೇಳುತ್ತೇನೆ. ಎದುರು ಮೇಜಿನವರನ್ನೂ ಕೇಳುತ್ತೇನೆ.

ವನಜತ್ತಿಗೆ: ನನ್ನ ದೋಸೆ ಹಾಡು ಎರಡರಲ್ಲೂ ಇರಲಿ.

ದೊಡ್ಡಣ್ಣ: ಸುಜಾತಾ, ಆ ಸಿಳ್ಳೆ ಬರುವ ಹಾಡು ಇನ್ನೊಂದು ಸಲ ಕಳಿಸು. ಮೇಲೆ ಹೋಗಿಬಿಟ್ಟಿದೆ, ಸಿಗುತ್ತಿಲ್ಲ.