ಮೊಳಕೆ ಮೇವು ಶುರು ಮಾಡಿದ ಮೇಲೆ ಮೊಟ್ಟೆ ಕಡಿಮೆಯಾಗಿದೆ, ತಪ್ಪೆಲ್ಲಿ?

ಪ್ರಶ್ನೆ (ತಿಪಟೂರು)

ನಮ್ಮ ತೆಂಗಿನ ತೋಟದಲ್ಲಿ 24 ಸ್ವರ್ಣಧಾರ ತಳಿಯ ಹೇಂಟೆಗಳಿವೆ. ಅಂಗಡಿಯ ಆಹಾರದ ಬೆಲೆ ಏರಿದ್ದರಿಂದ ಒಂದೂವರೆ ತಿಂಗಳ ಹಿಂದೆ ಅದನ್ನು ಪೂರ್ತಿ ನಿಲ್ಲಿಸಿದೆ. ಈಗ ಮುಸುಕಿನ ಜೋಳವನ್ನು ಟ್ರೇಗಳಲ್ಲಿ ಎಂಟು ದಿನ ಬೆಳೆಸಿ, ಬೇರುಗಳು ಚಾಪೆಯಂತೆ ಹೆಣೆದುಕೊಂಡ ಹಸಿರು ಮೇವನ್ನು ಒಂದಿಷ್ಟು ರಾಗಿ ಮತ್ತು ತವುಡಿನ ಜೊತೆ ಕೊಡುತ್ತಿದ್ದೇನೆ. ಒಂದು ಕಿಲೋ ಜೋಳ ಐದು ಕಿಲೋ ಮೇವಾಗುವುದನ್ನು ಕಂಡು ಖರ್ಚು ಉಳಿಯಿತೆಂದೇ ಭಾವಿಸಿದ್ದೆ. ಆದರೆ ದಿನಕ್ಕೆ 14 ಇದ್ದ ಮೊಟ್ಟೆ 6ಕ್ಕೆ ಇಳಿದಿದೆ, ಬರುವ ಮೊಟ್ಟೆಯ ಚಿಪ್ಪೂ ಬೆರಳೊತ್ತಿದರೆ ಬಿರಿಯುತ್ತದೆ. ಹಳದಿಯ ಬಣ್ಣ ಮಾತ್ರ ಎಂದಿಗಿಂತ ಚೆನ್ನಾಗಿದೆ. ಎಲ್ಲಿ ತಪ್ಪಿದ್ದೇನೆಂದು ಬಲ್ಲವರು ತಿಳಿಸಬೇಕು.

ಉತ್ತರ (ಹಾಸನ)

ನಿಮ್ಮ ಐದು ಕಿಲೋದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಬರೀ ನೀರು. ಒಣ ಜೋಳದ ಒಂದು ಕಿಲೋದಲ್ಲಿ ಸುಮಾರು 880 ಗ್ರಾಂ ಒಣ ಪದಾರ್ಥವಿರುತ್ತದೆ. ಮೊಳೆಯುವಾಗ ಕಾಳು ತನ್ನದೇ ಪಿಷ್ಟವನ್ನು ಉರಿಸಿಕೊಂಡು ಬೆಳೆಯುವುದರಿಂದ ಎಂಟನೆಯ ದಿನಕ್ಕೆ ಈ ಒಣ ಪದಾರ್ಥ ಹೆಚ್ಚಾಗುವ ಬದಲು 750 ಗ್ರಾಂ ಆಸುಪಾಸಿಗೆ ಇಳಿದಿರುತ್ತದೆ. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಸುಮಾರು 110 ಗ್ರಾಂ ಒಣ ಆಹಾರ, ಅದರಲ್ಲಿ 18 ಗ್ರಾಂನಷ್ಟು ಪ್ರೋಟೀನ್ ಬೇಕು. 100 ಗ್ರಾಂ ಹಸಿ ಮೇವಿನಿಂದ ಸಿಗುವುದು ಎರಡು ಗ್ರಾಂ ಪ್ರೋಟೀನ್ ಮಾತ್ರ. ಹೊಟ್ಟೆ ತುಂಬಿದರೂ ಕೋಳಿ ಹಸಿದೇ ಇರುತ್ತದೆ. ಹಳದಿಗೆ ಬಣ್ಣ ಬಂದದ್ದು ಹಸಿರಿನ ವರ್ಣದ್ರವ್ಯದಿಂದ. ಅದನ್ನು ಪೋಷಣೆಯ ಗುರುತೆಂದು ತಿಳಿಯಬೇಡಿ. ಮೊಳಕೆಯನ್ನು ಬಿಡಬೇಕಿಲ್ಲ, ಆದರೆ ಮೂರನೆಯ ದಿನವೇ, ಬೇರು ಅರ್ಧ ಅಂಗುಲವಿರುವಾಗ, ಕೋಳಿಗೆ ಹತ್ತಿಪ್ಪತ್ತು ಗ್ರಾಂನಂತೆ ಸೊಪ್ಪಿನ ಜಾಗದಲ್ಲಿ ಕೊಡಿ. ನಾರು ತುಂಬಿದ ಚಾಪೆ ಹಸುವಿಗೆ ಸರಿ.

ಉತ್ತರ (ಚಳ್ಳಕೆರೆ)

ಮೇಲಿನವರ ಲೆಕ್ಕ ಸರಿಯಾಗಿದೆ. ನಾನು ಹತ್ತು ಕಿಲೋ ಬೆರೆಸುವ ಪ್ರಮಾಣ ಹೀಗಿದೆ: ಮುಸುಕಿನ ಜೋಳದ ನುಚ್ಚು ನಾಲ್ಕೂವರೆ ಕಿಲೋ, ರಾಗಿ ಒಂದು, ಅಕ್ಕಿ ತವುಡು ಒಂದು, ಕಡಲೆಕಾಯಿ ಹಿಂಡಿ 1.2, ಸೋಯಾ ಹಿಂಡಿ 1.2, ಕಪ್ಪೆಚಿಪ್ಪಿನ ನುಚ್ಚು (ಶೆಲ್ ಗ್ರಿಟ್) 800 ಗ್ರಾಂ, ಕೋಳಿಗಳ ಖನಿಜ ಮಿಶ್ರಣ 250 ಗ್ರಾಂ, ಉಪ್ಪು 30 ಗ್ರಾಂ. ಇದರಲ್ಲಿ ಶೇಕಡಾ 16ಕ್ಕಿಂತ ತುಸು ಹೆಚ್ಚು ಪ್ರೋಟೀನ್ ಬರುತ್ತದೆ. ಸೋಯಾ ಹಿಂಡಿಯ ಬದಲು ಸೋಯಾ ಕಾಳನ್ನು ಹಸಿಯಾಗಿ ಹಾಕಬೇಡಿ. ಅದರಲ್ಲಿ ಜೀರ್ಣಕ್ರಿಯೆಯನ್ನು ತಡೆಯುವ ಅಂಶವಿದ್ದು, ಹುರಿದರೆ ಅಥವಾ ಬೇಯಿಸಿದರೆ ಮಾತ್ರ ಹೋಗುತ್ತದೆ.

ನಿಮ್ಮ ತೆಳು ಚಿಪ್ಪಿಗೆ ಮುಖ್ಯ ಕಾರಣ ಸುಣ್ಣದ, ಅಂದರೆ ಕ್ಯಾಲ್ಸಿಯಂ ಕೊರತೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ, ಜೋಳ ರಾಗಿಗಳಿಂದ ಅಷ್ಟು ಬರಲಾರದು. ಚಿಪ್ಪು ಗಟ್ಟಿಯಾಗುವುದು ಬಹುಪಾಲು ರಾತ್ರಿಯಲ್ಲಾದ್ದರಿಂದ ಸಂಜೆ ಒಂದು ಬಟ್ಟಲಲ್ಲಿ ಕಪ್ಪೆಚಿಪ್ಪಿನ ನುಚ್ಚನ್ನು ಬೇರೆಯಾಗಿಯೂ ಇಡಿ. ಆದರೆ ಇದೇ ಮಿಶ್ರಣವನ್ನು ಮರಿಗಳಿಗೆ ಹಾಕಕೂಡದು, ಇಷ್ಟು ಸುಣ್ಣ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ಉತ್ತರ (ಮೂಡಿಗೆರೆ)

ನಮ್ಮ ಕಡೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಟ್ರೇಗೆ ಬೂಷ್ಟು ಹಿಡಿಯುತ್ತದೆ. ಅಂಥ ಟ್ರೇಯನ್ನು ತೊಳೆದು ಹಾಕುವ ಆಸೆಗೆ ಹೋಗದೆ ಪೂರ್ತಿ ಗೊಬ್ಬರದ ಗುಂಡಿಗೆ ಸುರಿಯಿರಿ. ಒಮ್ಮೆ ಹಾಗೆ ಜಿಪುಣತನ ಮಾಡಿ ನಾನು ಐದು ಕೋಳಿ ಕಳೆದುಕೊಂಡೆ. ಹಳೆಯ ಕಡಲೆಕಾಯಿ ಹಿಂಡಿಯಲ್ಲೂ ಬೂಷ್ಟಿನಿಂದಾಗುವ ಅಫ್ಲಾಟಾಕ್ಸಿನ್ ವಿಷವಿರಬಹುದು, ಕಮಟು ವಾಸನೆ ಬಂದರೆ ತರಬೇಡಿ. ಬಿತ್ತನೆಗೆಂದು ಔಷಧಿ ಸವರಿದ ಗುಲಾಬಿ ಬಣ್ಣದ ಜೋಳವನ್ನಂತೂ ಮೊಳಕೆಗೆ ಬಳಸಲೇಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ಕೊಬ್ಬರಿ ಹಿಂಡಿ ಸುಲಭವಾಗಿ ಸಿಗುತ್ತದೆ, ಕಡಲೆಕಾಯಿ ಹಿಂಡಿಯ ಬದಲು ಅದನ್ನೇ ಹಾಕಬಹುದೇ?

ಉತ್ತರ (ಚಳ್ಳಕೆರೆ)

ಪೂರ್ತಿ ಬದಲಿಸಲಾಗದು, ಅದರಲ್ಲಿ ಪ್ರೋಟೀನ್ ಕಡಲೆಕಾಯಿ ಹಿಂಡಿಯ ಸುಮಾರು ಅರ್ಧದಷ್ಟೇ, ನಾರೂ ಹೆಚ್ಚು. ತವುಡಿನಲ್ಲಿ ಅರ್ಧ ಕಿಲೋ ಕಡಿಮೆ ಮಾಡಿ ಅಷ್ಟು ಕೊಬ್ಬರಿ ಹಿಂಡಿ ಸೇರಿಸಿ. ಹೊಸ ಆಹಾರಕ್ಕೆ ಒಮ್ಮೆಲೇ ಹಾರದೆ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ. ಹದಿನೈದು ದಿನಕ್ಕೂ ಮೊಟ್ಟೆ ಏರದಿದ್ದರೆ ಪುಕ್ಕ ಉದುರುತ್ತಿದೆಯೇ ಎಂದು ನೋಡಿ ಬರೆಯಿರಿ.