ಹದಿನೇಳರ ಮಗನಿಗೆ ಮೊದಲ ಟ್ರಾಫಿಕ್ ಟಿಕೆಟ್: ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ?

ಕೇಳಿದವರು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಬ್ಬ ತಾಯಿ:

ಎಲ್ಲರಿಗೂ ನಮಸ್ಕಾರ. ಮಗನಿಗೆ ಹದಿನೇಳು. ಹದಿನೆಂಟರೊಳಗಿನವರಿಗೆ ಕೊಡುವ ಪ್ರೊವಿಷನಲ್ ಲೈಸೆನ್ಸ್, ಬಂದು ಇನ್ನೂ ವರ್ಷ ತುಂಬಿಲ್ಲ. ಶನಿವಾರ ರಾತ್ರಿ ಹನ್ನೊಂದೂವರೆಗೆ ಇಬ್ಬರು ಕ್ಲಾಸ್‌ಮೇಟ್‌ಗಳನ್ನು ಕೂರಿಸಿಕೊಂಡು ಬರುವಾಗ 40 ಮೈಲಿ ವೇಗಮಿತಿಯ ರಸ್ತೆಯಲ್ಲಿ 53ರ ವೇಗದಲ್ಲಿ ಹೋಗಿ ಸಿಕ್ಕಿಬಿದ್ದಿದ್ದಾನೆ. ಟಿಕೆಟ್‌ನಲ್ಲಿ ಸ್ಪೀಡಿಂಗ್ ಜೊತೆಗೆ 12814.6 ಅಂತ ಇನ್ನೊಂದು ಸೆಕ್ಷನ್ ಇದೆ. ಯಜಮಾನರು ದುಡ್ಡು ಕಟ್ಟಿ ಮುಗಿಸಿಬಿಡೋಣ ಅಂತಾರೆ. ನಾವಿರೋದು ಎಚ್-1 ಕೆಲಸದ ವೀಸಾದಲ್ಲಿ, ಅವನದು ಕುಟುಂಬದವರಿಗೆ ಕೊಡುವ ಎಚ್-4. ವೀಸಾಗೆ ಏನಾದರೂ ತೊಂದರೆ ಆಗುತ್ತಾ ಅಂತ ನನಗೆ ನಿದ್ದೆ ಇಲ್ಲ. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.

ಫ್ರೀಮಾಂಟ್‌ನ ಒಬ್ಬ ತಂದೆ:

ಮೇಡಂ, ಮೊದಲು ಒಂದು ಮಾತು. ದುಡ್ಡು ಕಟ್ಟಿದರೆ ಮುಗಿಯೋದಿಲ್ಲ. ಕಟ್ಟಿದ್ದೇ ತಪ್ಪು ಒಪ್ಪಿಕೊಂಡ ಲೆಕ್ಕ, ಅದು ನೇರವಾಗಿ ಡಿಎಂವಿ (ಇಲ್ಲಿನ ಆರ್‌ಟಿಒ ಇದ್ದ ಹಾಗೆ) ದಾಖಲೆಗೆ ಹೋಗುತ್ತೆ. ಸ್ಪೀಡಿಂಗ್‌ಗೆ ಒಂದು ಪಾಯಿಂಟ್, ಅಂದರೆ ದಾಖಲೆಯಲ್ಲಿ ಒಂದು ತಪ್ಪಿನ ಅಂಕ. ದೊಡ್ಡವರಿಗೆ ಒಂದು ಪಾಯಿಂಟ್ ಅಂದರೆ ಇನ್ಶೂರೆನ್ಸ್ ಜಾಸ್ತಿ ಆಗುತ್ತೆ, ಅಷ್ಟೇ. ಹದಿನೆಂಟರೊಳಗಿನ ಮಕ್ಕಳ ವಿಷಯ ಹಾಗಲ್ಲ. ಹನ್ನೆರಡು ತಿಂಗಳೊಳಗೆ ಎರಡು ಪಾಯಿಂಟ್ ಆದರೆ 30 ದಿನ ಒಬ್ಬನೇ ಓಡಿಸುವ ಹಾಗಿಲ್ಲ, ಪಕ್ಕದಲ್ಲಿ ಲೈಸೆನ್ಸ್ ಇರುವ ತಂದೆತಾಯಿಯೋ 25 ತುಂಬಿದವರೋ ಕೂತಿರಬೇಕು. ಮೂರು ಆದರೆ ಆರು ತಿಂಗಳು ಲೈಸೆನ್ಸ್ ಅಮಾನತು, ಮೇಲೆ ಒಂದು ವರ್ಷ ಪ್ರೊಬೇಷನ್. ಮಧ್ಯದಲ್ಲಿ ಹದಿನೆಂಟು ತುಂಬಿತು ಅಂತ ಅದು ರದ್ದಾಗೋದಿಲ್ಲ. ಹಾಗಾಗಿ ಈ ಮೊದಲನೇ ಪಾಯಿಂಟನ್ನು ಮುಚ್ಚಿಸೋದೇ ಈಗ ನಿಮ್ಮ ಕೆಲಸ.

ಮುಚ್ಚಿಸೋ ದಾರಿ ಟ್ರಾಫಿಕ್ ಸ್ಕೂಲ್, ಅಂದರೆ ರಸ್ತೆ ನಿಯಮಗಳ ಒಂದು ಸಣ್ಣ ಕೋರ್ಸ್. ಹದಿನೆಂಟು ತಿಂಗಳಿಗೆ ಒಂದೇ ಸಲ ಸಿಗುತ್ತೆ. ಕೋರ್ಟ್ ಒಪ್ಪಬೇಕು, ದಂಡದ ಜೊತೆಗೆ ಅದರದ್ದೇ ಒಂದು ಶುಲ್ಕವೂ ಇದೆ. ಕೊಟ್ಟ ಗಡುವಿನೊಳಗೆ ಮುಗಿಸಿದರೆ ಪಾಯಿಂಟ್ ಇನ್ಶೂರೆನ್ಸ್‌ನವರ ಕಣ್ಣಿಗೆ ಬೀಳೋದಿಲ್ಲ. ಮಿತಿಗಿಂತ 13 ಮೈಲಿ ಜಾಸ್ತಿ ಅಂದರೆ ಮೂಲ ದಂಡ ಬರೀ 35 ಡಾಲರ್, ಆದರೆ ಮೇಲಿನ ಸೆಸ್ಸು, ಫೀಸು ಎಲ್ಲ ಸೇರಿದಾಗ 200 ದಾಟುತ್ತೆ. ಬಿಲ್ ನೋಡಿ ಗಾಬರಿಯಾಗಬೇಡಿ.

ಇನ್ನು 12814.6. ಅದು ಹೊಸ ಲೈಸೆನ್ಸ್‌ನ ನಿರ್ಬಂಧ: ಪಕ್ಕದಲ್ಲಿ ಮೇಲೆ ಹೇಳಿದಂಥ ದೊಡ್ಡವರಿಲ್ಲದೆ ಮೊದಲ ಹನ್ನೆರಡು ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವ ಹಾಗಿಲ್ಲ, 20 ತುಂಬದವರನ್ನು ಕೂರಿಸಿಕೊಳ್ಳುವ ಹಾಗಿಲ್ಲ. ನಿಮ್ಮವನು ಎರಡನ್ನೂ ಮೀರಿದ್ದಾನೆ. ಬರೀ ಇದನ್ನು ಪರೀಕ್ಷೆ ಮಾಡೋಕೆ ಅಂತಲೇ ಪೊಲೀಸರು ಗಾಡಿ ನಿಲ್ಲಿಸುವ ಹಾಗಿಲ್ಲ. ಅವರು ನಿಲ್ಲಿಸಿದ್ದು ಸ್ಪೀಡಿಗೆ, ಆಮೇಲೆ ಇದೂ ಸೇರಿತು. ಇದಕ್ಕೆ ಮೊದಲ ಸಲ 8ರಿಂದ 16 ಗಂಟೆ ಸಮುದಾಯ ಸೇವೆ, ಇಲ್ಲವೇ 35 ಡಾಲರ್‌ವರೆಗೆ ದಂಡ.

ನಮ್ಮ ಮಗಳದ್ದು ಇದೇ ಸೆಕ್ಷನ್ ಆಗಿತ್ತು. ಮಕ್ಕಳ ಟಿಕೆಟ್ ನೋಡುವ ಕ್ರಮ ಕೌಂಟಿಯಿಂದ ಕೌಂಟಿಗೆ ಬೇರೆ. ನಮ್ಮನ್ನು ಕರೆದದ್ದು ಒಂದು ಸಣ್ಣ ಕೋಣೆಗೆ, ಒಂದು ಮೇಜು, ಹಿಯರಿಂಗ್ ಆಫೀಸರ್ ಒಬ್ಬರು. ತಂದೆಯೋ ತಾಯಿಯೋ ಜೊತೆಗೆ ಬರಲೇಬೇಕು ಅಂತ ನೋಟಿಸ್‌ನಲ್ಲೇ ಇತ್ತು. ಅವರು ಕೇಳಿದ್ದೆಲ್ಲ ಅವಳನ್ನೇ: ಎಲ್ಲಿಂದ ಬರುತ್ತಿದ್ದೆ, ಗಾಡಿಯಲ್ಲಿ ಯಾರಿದ್ದರು, ನಿಯಮ ಗೊತ್ತಿತ್ತಾ. ನಾನು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದರು. ಅವಳು ‘ಗೊತ್ತಿತ್ತು’ ಅಂತ ನೇರವಾಗಿ ಹೇಳಿದಳು. ಅದನ್ನು ಅವರು ಮೆಚ್ಚಿಕೊಂಡ ಹಾಗೆ ಕಂಡಿತು. ಟ್ರಾಫಿಕ್ ಸ್ಕೂಲ್ ಕೊಟ್ಟರು, ಜೊತೆಗೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಸೇವೆ. ನಿಮ್ಮ ಮಗನಿಗೂ ಉತ್ತರ ಬಾಯಿಪಾಠ ಮಾಡಿಸಬೇಡಿ. ಆದದ್ದನ್ನು ಆದ ಹಾಗೆ ಹೇಳಲಿ.

ಸನಿವೇಲ್‌ನಿಂದ:

ವೀಸಾ ಬಗ್ಗೆ ಕೇಳಿದಿರಲ್ಲ. ಈ ಟಿಕೆಟ್ ಕ್ಯಾಲಿಫೋರ್ನಿಯಾದಲ್ಲಿ ಇನ್‌ಫ್ರ್ಯಾಕ್ಷನ್, ಅಂದರೆ ಬರೀ ದಂಡದ ಸಣ್ಣ ತಪ್ಪು, ಇದಕ್ಕೆ ಜೈಲು ಅಂತ ಇಲ್ಲವೇ ಇಲ್ಲ. ಭಯ ಪಡಬೇಕಾದ್ದು ಬೇರೆ ಕಡೆ ಇದೆ. ಟಿಕೆಟ್ ಕೆಳಗೆ ಒಂದು ತಾರೀಕು ಇರುತ್ತೆ, ಅದರ ಪಕ್ಕದಲ್ಲೇ ಮಗನ ಸಹಿ. ಆ ಸಹಿ ತಪ್ಪೊಪ್ಪಿಗೆ ಅಲ್ಲ, ಆ ತಾರೀಕಿಗೆ ಉತ್ತರ ಕೊಡುತ್ತೇನೆ ಅನ್ನುವ ವಾಗ್ದಾನ. ಅದನ್ನು ಬೇಕಂತಲೇ ತಪ್ಪಿಸಿದರೆ ಮಿಸ್‌ಡಿಮೀನರ್ ಆಗುತ್ತೆ, ಅಂದರೆ ಸಣ್ಣ ವಿಷಯ ಅಪರಾಧದ ಪಟ್ಟಿಗೆ ಏರುತ್ತೆ. 100 ಡಾಲರ್‌ವರೆಗೆ ಹೆಚ್ಚುವರಿ ದಂಡ ಬೇರೆ. ಕೋರ್ಟಿನಿಂದ ಕಾಗದ ಬರಲಿ ಅಂತ ಕಾಯುತ್ತಾ ಕೂರಬೇಡಿ, ಕಾಗದ ಬರದಿದ್ದರೂ ತಾರೀಕು ತಾರೀಕೇ. ಕೌಂಟಿಯ ಸುಪೀರಿಯರ್ ಕೋರ್ಟ್ ವೆಬ್‌ಸೈಟಿನಲ್ಲಿ ಟಿಕೆಟ್ ನಂಬರ್ ಹಾಕಿ ನೋಡಿ. ದಂಡ ಕಟ್ಟಿ ಅಂತ ಫೋನಿಗೆ ಬರುವ ಮೆಸೇಜ್ ಲಿಂಕುಗಳನ್ನು ಮಾತ್ರ ಮುಟ್ಟಬೇಡಿ, ಮೋಸದವರು ಬಹಳ ಇದ್ದಾರೆ.

ಎಲ್ಲ ಮುಗಿದ ಮೇಲೆ ಕೇಸ್ ಹೇಗೆ ಇತ್ಯರ್ಥವಾಯಿತು ಅನ್ನೋ ಡಿಸ್ಪೊಸಿಷನ್ ಕಾಗದ ಕೋರ್ಟಿನಿಂದ ಕೇಳಿ ಪಡೆದು, ಪಾಸ್‌ಪೋರ್ಟ್ ಇಡುವ ಫೈಲಿನಲ್ಲೇ ಇಡಿ. ಮುಂದೆ ಗ್ರೀನ್ ಕಾರ್ಡ್ ಫಾರ್ಮ್ ತುಂಬುವಾಗ ಹುಡುಕಾಡೋದು ತಪ್ಪುತ್ತೆ. ಕುಡಿತದ ಸುಳಿವು ಒಂದಿಷ್ಟಾದರೂ ಇದ್ದರೆ ಮಾತ್ರ ನನ್ನಂಥವರನ್ನು ಕೇಳಬೇಡಿ, ಇಮಿಗ್ರೇಷನ್ ಲಾಯರ್ ಹತ್ತಿರ ಹೋಗಿ. ಇಲ್ಲಿ 21ರೊಳಗಿನವರ ರಕ್ತದಲ್ಲಿ 0.01 ಶೇಕಡಾ ಸಿಕ್ಕರೂ ಒಂದು ವರ್ಷ ಲೈಸೆನ್ಸ್ ಹೋಗುತ್ತೆ.

ಡೇವಿಸ್‌ನಲ್ಲಿ ಓದುವ ವಿದ್ಯಾರ್ಥಿನಿ:

ಆಂಟಿ, ನಾನು ಮಕ್ಕಳ ಕಡೆಯಿಂದ ಎರಡು ಮಾತು ಹೇಳ್ತೀನಿ. ಹದಿನೆಂಟರೊಳಗೆ ಓಡಿಸುವಾಗ ಫೋನ್ ಮುಟ್ಟುವ ಹಾಗೇ ಇಲ್ಲ. ದೊಡ್ಡವರಿಗೆ ಬ್ಲೂಟೂತ್‌ನಲ್ಲಿ ಮಾತಾಡಬಹುದು, ನಮಗೆ ಅದೂ ಇಲ್ಲ. ನಾನು ಡ್ರೈವ್ ಮಾಡ್ತಿರೋವಾಗ ಅಮ್ಮ ‘ಎಲ್ಲಿದ್ದೀಯೇ, ಊಟ ಆರ್ತಿದೆ’ ಅಂತ ಮೇಲಿಂದ ಮೇಲೆ ಫೋನ್ ಮಾಡೋರು. ಎತ್ತಿದರೆ ತಪ್ಪು, ಎತ್ತದಿದ್ದರೆ ಮನೆಯಲ್ಲಿ ಆತಂಕ. ಕೊನೆಗೆ ಹೊರಡುವಾಗ ಒಂದು ಮೆಸೇಜ್, ತಲುಪಿದ ಮೇಲೆ ಒಂದು ಅಂತ ಇಬ್ಬರೂ ಒಪ್ಪಿಕೊಂಡ್ವಿ.

ಇನ್ನೊಂದು, ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಹುಡುಗರು ಓಡೋದು ಆ ರಾತ್ರಿ ನಿರ್ಬಂಧಕ್ಕೆ ಹೆದರಿಯೇ. ಟೈಮ್ ಆಗಿಬಿಡುತ್ತೆ ಅಂತ ಸ್ಪೀಡ್ ಏರಿಸ್ತಾರೆ. ‘ತಡವಾದರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ, ಬಯ್ಯಲ್ಲ’ ಅಂತ ಅಪ್ಪ ಹೇಳಿದ್ದರು, ಹೇಳಿದ ಹಾಗೇ ಬಂದರು. ಅಂಕಲ್‌ಗೂ ಇದನ್ನು ಹೇಳಿ, ಪ್ಲೀಸ್.

ಸ್ಯಾನ್ ರಮೋನ್‌ನ ಒಬ್ಬ ತಾಯಿ:

ಶಾಲೆಯ ಕಾರ್ಯಕ್ರಮವೋ ಪಾರ್ಟ್‌ಟೈಮ್ ಕೆಲಸವೋ ಇದ್ದು ಬೇರೆ ವಾಹನದ ಅನುಕೂಲ ಇಲ್ಲದಿದ್ದರೆ ರಾತ್ರಿ ನಿರ್ಬಂಧಕ್ಕೆ ವಿನಾಯಿತಿ ಇದೆ. ಆದರೆ ಸಹಿ ಮಾಡಿದ ಪತ್ರ ಗಾಡಿಯಲ್ಲೇ ಇರಬೇಕು: ಶಾಲೆಯದಾದರೆ ಪ್ರಿನ್ಸಿಪಾಲರದೋ ಸಿಬ್ಬಂದಿಯದೋ, ಕೆಲಸದ್ದಾದರೆ ಮಾಲೀಕರದು. ತಮ್ಮನನ್ನೋ ತಂಗಿಯನ್ನೋ ಕರೆತರುವುದು ಅನಿವಾರ್ಯವಾದರೆ ತಂದೆತಾಯಿ ಬರೆದುಕೊಡಬಹುದು, ಯಾಕೆ ಬೇಕು, ಯಾವಾಗಿನವರೆಗೆ ಬೇಕು ಅಂತ ಅದರಲ್ಲಿ ಸ್ಪಷ್ಟವಾಗಿರಬೇಕು. ನಮ್ಮದು ಪ್ಲಾಸ್ಟಿಕ್ ಕವರಿನಲ್ಲಿ ಗ್ಲೋವ್ ಬಾಕ್ಸ್‌ನಲ್ಲಿತ್ತು, ಇನ್ಶೂರೆನ್ಸ್ ಕಾರ್ಡಿನ ಹಿಂದೆ. ಒಮ್ಮೆ ಪೊಲೀಸರು ಕೇಳಿದಾಗ ಮಗ ತೆಗೆದು ತೋರಿಸಿದ, ಓದಿ ಕಳಿಸಿದರು. ಸ್ನೇಹಿತರನ್ನು ಮನೆಗೆ ಬಿಡೋದು ಮಾತ್ರ ಯಾವ ಪತ್ರಕ್ಕೂ ಬರೋದಿಲ್ಲ.

ಮತ್ತೆ ಕೇಳಿದವರು:

ತುಂಬಾ ಉಪಕಾರವಾಯಿತು. ಯಜಮಾನರಿಗೆ ಎಲ್ಲ ಓದಿ ಹೇಳಿದೆ, ಕಟ್ಟೋದು ನಿಲ್ಲಿಸಿದ್ದಾರೆ. ಇನ್ನೊಂದು ಪ್ರಶ್ನೆ: ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗ್ತಿದ್ದೇವೆ. ಅಲ್ಲಿ ತಾತನ ಸ್ಕೂಟರ್ ಓಡಿಸ್ತೀನಿ ಅಂತ ಈಗಲೇ ಹಟ. ಇಲ್ಲಿನ ಲೈಸೆನ್ಸ್ ಇದೆಯಲ್ಲ, ಪರವಾಗಿಲ್ಲವಾ?

ಫ್ರೀಮಾಂಟ್‌ನ ತಂದೆ:

ಬೇಡವೇ ಬೇಡ. ಭಾರತದಲ್ಲಿ ಹದಿನಾರಕ್ಕೆ ಲೈಸೆನ್ಸ್ ಸಿಗೋದು 50 ಸಿಸಿ ಒಳಗಿನ ಗಾಡಿಗೆ ಮಾತ್ರ, ತಾತನ ಸ್ಕೂಟರ್ 100 ಸಿಸಿ ಮೇಲೇ ಇರುತ್ತೆ. ಅಲ್ಲಿನ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಸಿಕ್ಕಿಹಾಕಿಕೊಳ್ಳೋರು ಗಾಡಿ ಮಾಲೀಕರಾದ ತಾತ. ಬೀಗದ ಕೈ ಎತ್ತಿಡೋಕೆ ಅವರಿಗೆ ಈಗಲೇ ಫೋನ್ ಮಾಡಿ ಹೇಳಿ.