ಅಗ್ವಾದ ಜೈಲಿಗೆ ಹೋಗಬಹುದಾ?

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇನೆ. ಧಾರವಾಡದಿಂದ ಅಪ್ಪ ಬಂದಿದ್ದಾರೆ, ಬೀಚ್ ಬೇಡವಂತೆ. ಅಗ್ವಾದ ಜೈಲು ಈಗ ಮ್ಯೂಸಿಯಂ ಅಲ್ವಾ? ನೋಡುವಂಥದ್ದು ಇದೆಯಾ, ಸುಮ್ನೆ ಫೋಟೊ ಜಾಗವಾ?

ಉತ್ತರ 1: ಖಂಡಿತ ಹೋಗಿ. ಜೈಲು ಇರುವ ಅಗ್ವಾದ ಕೋಟೆ 1612ರದ್ದು. ಗೋವಾ ಬಿಡುಗಡೆಗೆ ಹೋರಾಡಿದವರನ್ನು ಪೋರ್ಚುಗೀಸರು ಇಲ್ಲಿ ಕೂಡಿ ಹಾಕುತ್ತಿದ್ದರು. 1946ರಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಇಲ್ಲಿದ್ದರು. ನಾನು ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಅಲೆಯ ಸದ್ದು ಜೋರಾಗಿ ಕೇಳುತ್ತಿತ್ತು, ಸಮುದ್ರ ಮಾತ್ರ ಕಾಣಲಿಲ್ಲ. ಅದೇ ಜಾಸ್ತಿ ಕಾಡಿತು.

ಉತ್ತರ 2: ಮಧ್ಯಾಹ್ನ ಬೇಡ, ಕಲ್ಲು ಕಾದಿರುತ್ತದೆ. ಅಲ್ಲಿ ಗೋವಾ ಹೋರಾಟದ ನಾಯಕ ಟಿ.ಬಿ. ಕುನ್ಹಾ ಅವರ ವಿಷಯ ಬಿಡದೆ ಓದಿ. ಅವರನ್ನು ಪೋರ್ಚುಗಲ್‌ನ ಪೆನಿಷ್ ಕೋಟೆಯ ಜೈಲಿಗೆ ಸಾಗಿಸಿದ್ದರು. ಆ ಜೈಲೂ ಈಗ ಮ್ಯೂಸಿಯಂ.

ಪ್ರಶ್ನೆ ಕೇಳಿದವರು: ಲೋಹಿಯಾ ಅಂದದ್ದೇ ತಡ, ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ!